ನಾಯಿ ತರುವ ಮೊದಲು ಒಂದು ಮಳೆಗಾಲ

ಕೆಲಸಕ್ಕೆ ಹೋಗುವವರು ನಾಯಿ ಸಾಕಬಹುದಾ ಅಂತ ನನ್ನನ್ನು ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಸಾಕಬಹುದು. ನಾನೇ ಸಾಕುತ್ತಿದ್ದೇನೆ. ಕಾರವಾರದಲ್ಲಿ ಬಾಡಿಗೆ ಮನೆ. ಇರುವುದು ಒಬ್ಬಳೇ. ಬೆಳಿಗ್ಗೆ ಒಂಬತ್ತೂವರೆಗೆ ಬೀಗ ಹಾಕಿ ಆಡಿಟ್ ಆಫೀಸಿಗೆ ಹೊರಟರೆ ಮನೆಗೆ ಬರುವುದು ಸಂಜೆ ಆರಕ್ಕೆ. ಆದರೆ ಆಸೆ ಹುಟ್ಟಿದ್ದಕ್ಕೂ ನಾಯಿ ಮನೆಯೊಳಗೆ ಕಾಲಿಟ್ಟದ್ದಕ್ಕೂ ನಡುವೆ ಒಂದು ಪೂರ್ತಿ ಮಳೆಗಾಲ ಕಳೆದಿತ್ತು. ಆ ನಡುವಿನ ಕಾಲದಲ್ಲಿ ಏನೇನು ನೋಡಿಕೊಂಡೆ, ಯಾವುದಕ್ಕೆ ಬೇಡ ಅಂದೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾಯಿ ಬಂದ ಮೇಲಿನ ಖುಷಿಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಬರುವ ಮೊದಲಿನದು ಯಾರೂ ಹೇಳುವುದಿಲ್ಲ.

ನಾನು ಶಿರಸಿ ಕಡೆಯ ತೋಟದ ಮನೆಯಲ್ಲಿ ಬೆಳೆದವಳು. ಅಲ್ಲಿ ನಾಯಿ ಸಾಕುವುದು ಅಂತ ಬೇರೆ ಕೆಲಸವೇ ಇಲ್ಲ. ಅಂಗಳದಲ್ಲಿ ಯಾವಾಗಲೂ ಜನ ಇರುತ್ತಾರೆ. ಒಬ್ಬರು ಅಡಿಕೆ ಸುಲಿಯುತ್ತಾರೆ, ಒಬ್ಬರು ಕೊಟ್ಟಿಗೆಯಲ್ಲಿ ಇರುತ್ತಾರೆ, ಯಾರೋ ತೋಟದಿಂದ ಬರುತ್ತಾರೆ. ನಾಯಿ ಬೇಕಾದವರ ಹಿಂದೆ ಹೋಗುತ್ತದೆ, ಸಾಕಾದಾಗ ಜಗಲಿಗೆ ಬಂದು ಮಲಗುತ್ತದೆ. ಮಧ್ಯಾಹ್ನ ಎಲ್ಲರ ಊಟ ಆದ ಮೇಲೆ ಅದಕ್ಕೂ ಅನ್ನ ಮಜ್ಜಿಗೆ. ಹೀಗೆ ಬೆಳೆದವರಿಗೆ ನಾಯಿ ಅಂದರೆ ಏನು ಅಂತ ಗೊತ್ತು, ಆದರೆ ನಾಯಿಗೆ ಎಷ್ಟು ಹೊತ್ತು ಬೇಕು ಅಂತ ಗೊತ್ತಿರುವುದಿಲ್ಲ. ಆ ಹೊತ್ತನ್ನು ಮನೆಯಲ್ಲಿ ಹತ್ತು ಜನ ಹಂಚಿಕೊಂಡಿರುತ್ತಾರೆ.

ಫೋನಿನಲ್ಲಿ ವಿಷಯ ಎತ್ತಿದಾಗ ಅಮ್ಮ ಕೇಳಿದ್ದು ಒಂದೇ ಮಾತು. "ನಿಂಗೆ ಹೊತ್ತು ಎಲ್ಲಿದ್ದು ತಂಗಿ? ನಾಯಿ ತಂದು ಎಂತ ಮಾಡ್ತೆ?"

ಅದಕ್ಕೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. ಒಂದು ನೋಟ್‌ಬುಕ್ಕಿನಲ್ಲಿ ನನ್ನ ವಾರ ಬರೆದೆ. ಏಳುವುದು ಎಷ್ಟಕ್ಕೆ, ಹೊರಡುವುದು ಎಷ್ಟಕ್ಕೆ, ಬರುವುದು ನಿಜವಾಗಿ ಎಷ್ಟಕ್ಕೆ. ಈ "ನಿಜವಾಗಿ" ಬಹಳ ಮುಖ್ಯ. ಆಫೀಸು ಮುಗಿಯುವುದು ಐದೂವರೆಗೆ ಅಂತ ಎಲ್ಲರೂ ಹೇಳುತ್ತೇವೆ. ತರಕಾರಿ ತಂದು, ಗೆಳತಿಯ ಮನೆಗೆ ಹೋಗಿ, ಬ್ಯಾಂಕಿನ ಒಂದು ಕೆಲಸ ಮುಗಿಸಿ ಬಾಗಿಲು ತೆಗೆಯುವಾಗ ಎಂಟಾಗಿರುತ್ತದೆ. ಜುಲೈ ಮತ್ತು ಸೆಪ್ಟೆಂಬರ್ ಬಂದರೆ ನಮ್ಮ ಆಫೀಸಿನಲ್ಲಿ ರಿಟರ್ನ್ಸ್ ತುಂಬುವ ಗಡಿಬಿಡಿ. ಆಗ ಒಂಬತ್ತಾದರೂ ಆಯಿತು. ಕಾರವಾರದಲ್ಲಿ ವರ್ಷದ ಮಳೆಯ ಬಹುಪಾಲು ಸುರಿಯುವುದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಂದರೆ ನನಗೆ ಹೊತ್ತು ಅತ್ಯಂತ ಕಡಿಮೆ ಇರುವ ತಿಂಗಳಲ್ಲೇ ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುವುದು ಅತ್ಯಂತ ಕಷ್ಟ. ಬರೆದು ನೋಡದಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ.

ಹಾಗಾಗಿ ಆ ಮಳೆಗಾಲ ನಾಯಿ ಇಲ್ಲದೆಯೇ ನಾಯಿ ಇದ್ದವಳಂತೆ ಬದುಕಿ ನೋಡಿದೆ. ಐದೂಮುಕ್ಕಾಲಿಗೆ ಏಳುವುದು. ಕೊಡೆ ಹಿಡಿದು ಓಣಿಯ ತುದಿಯವರೆಗೆ ಅರ್ಧ ಗಂಟೆ ನಡೆಯುವುದು. ಸಂಜೆ ನೇರ ಮನೆಗೆ ಬರುವುದು, ಮತ್ತೆ ನಡೆಯುವುದು. ರಾತ್ರಿ ಮಲಗುವ ಮೊದಲು ಇನ್ನೊಂದು ಸಲ ಗೇಟಿನ ಹೊರಗೆ. ಗಾಳಿಮಳೆಗೆ ಕೊಡೆ ನಿಲ್ಲುವುದಿಲ್ಲ, ರೇನ್‌ಕೋಟೇ ಬೇಕು ಅಂತ ಆಗ ತಿಳಿಯಿತು. ಓಣಿಯಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಯಾವ ತಿರುವಿನಲ್ಲಿ ಬೀದಿನಾಯಿಗಳ ಗುಂಪು ಇರುತ್ತದೆ, ಯಾವ ಹೊತ್ತಿಗೆ ಅವು ಮಲಗಿರುತ್ತವೆ ಅನ್ನುವುದೂ ಗೊತ್ತಾಯಿತು. ಹೊಸದಾಗಿ ನಾಯಿ ತರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಜುಲೈ ತಿಂಗಳು ಇದನ್ನು ಮಾಡಿ ನೋಡಿ. ಆಮೇಲೂ ಆಸೆ ಉಳಿದರೆ ಅದು ಗಟ್ಟಿ ಆಸೆ.

ಮುಂದಿನ ಮಾತು ಮನೆ ಮಾಲೀಕರದು. ನಿವೃತ್ತ ಮಾಸ್ತರು, ಕೆಳಗಿನ ಮನೆಯಲ್ಲೇ ಇರುತ್ತಾರೆ. ಬಾಡಿಗೆ ಮನೆಯಲ್ಲಿ ಇರುವವರು ನಾಯಿ ತಂದು ಆಮೇಲೆ ಹೇಳಿದರಾಯಿತು ಅಂದುಕೊಳ್ಳುವುದು ಉಂಟು. ನನಗೆ ಅದು ಸರಿ ಕಾಣಲಿಲ್ಲ. ಮಾಲೀಕರು ಬೇಡ ಅಂದರೆ ನಾವು ಇನ್ನೊಂದು ಮನೆ ಹುಡುಕಬಹುದು. ಸಿಗದಿದ್ದರೆ ಬೀದಿಗೆ ಬೀಳುವುದು ನಾಯಿ. ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾತ್ರಿ ಬೊಗಳಿದರೆ ಏನು ಮಾಡ್ತೀರಿ?" ಅಂತ ಕೇಳಿದರು. ಒಳಗೇ ಮಲಗಿಸುತ್ತೇನೆ ಅಂದೆ. ಬಾವಿಕಟ್ಟೆಯ ಹತ್ತಿರ ಬಿಡಬಾರದು, ಗೇಟು ಹಾಕಿರಬೇಕು, ಹೇಲು ಉಚ್ಚೆ ನೀವೇ ತೊಳೆಯಬೇಕು ಅಂದರು. ಎಲ್ಲ ಒಪ್ಪಿ, ಬಾಡಿಗೆ ಕರಾರಿನಲ್ಲೇ ಒಂದು ಸಾಲು ಸೇರಿಸಿಕೊಂಡೆವು. ಬಾಯಿಮಾತು ಸಾಕಾಗುತ್ತಿತ್ತು, ಅವರು ಅಂಥವರು. ಆದರೆ ಮುಂದೆ ಮನೆ ಅವರ ಮಗನ ಕೈಗೆ ಹೋಗಬಹುದು ಅಲ್ವಾ?

ಆಮೇಲೆ ಯಾವ ನಾಯಿ ಅನ್ನುವ ಪ್ರಶ್ನೆ. ಇದರಲ್ಲಿ ನಾನು ಬಹಳ ದಿನ ಕಳೆದೆ.

ಮರಿ ತರಬೇಕು ಅಂತಲೇ ಎಲ್ಲರ ಸಲಹೆ. "ಸಣ್ಣದಿದ್ದಾಗ ತಂದರೆ ಹೇಳಿದಂತೆ ಕೇಳುತ್ತದೆ." ಮನೆಯಲ್ಲಿ ದಿನವಿಡೀ ಜನ ಇದ್ದರೆ ಈ ಮಾತು ಸರಿ. ಒಬ್ಬಳೇ ದುಡಿಯುವವಳಿಗೆ ಲೆಕ್ಕ ಬೇರೆ. ಮರಿ ಉಚ್ಚೆ ತಡೆದುಕೊಳ್ಳುವುದು ಅಂದಾಜು ಅದರ ವಯಸ್ಸಿನ ತಿಂಗಳಿಗೆ ಒಂದು ಸೇರಿಸಿದಷ್ಟು ಗಂಟೆ. ಎರಡು ತಿಂಗಳ ಮರಿ ಅಂದರೆ ಮೂರು ಗಂಟೆ. ನಾನು ಮನೆಯಲ್ಲಿ ಇಲ್ಲದಿರುವುದು ಎಂಟೂವರೆ ಗಂಟೆ. ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಊಟ ಬೇಕು. ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ವಯರು ಕೂಡ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಅಂಟಿಕೊಂಡು ಮಲಗಿದ್ದ ಜೀವವನ್ನು ತಂದು ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದನ್ನು ನೆನೆದರೇ ನನಗೆ ಹೊಟ್ಟೆ ಕಿವುಚುತ್ತಿತ್ತು.

ರೋಗದ ಮಾತೂ ಇದೆ. ಮರಿಗಳಿಗೆ ಪಾರ್ವೋ ಬಂದರೆ ವಾಂತಿ, ರಕ್ತಭೇದಿ, ಎರಡು ಮೂರು ದಿನದಲ್ಲಿ ಜೀವ ಹೋಗುವುದೂ ಉಂಟು. ಆ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಕೊಡಿಸುತ್ತ ಹದಿನಾರು ವಾರದವರೆಗೆ ಹೋಗಬೇಕು. ಅಲ್ಲಿಯವರೆಗೆ ಬೀದಿನಾಯಿಗಳು ಓಡಾಡುವ ಜಾಗದಲ್ಲಿ ಮರಿಯನ್ನು ಬಿಡುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರದ ನಿಯಮವೇ ಇದೆ. ಆದರೂ ಕಣ್ಣು ಬಿಟ್ಟು ವಾರವಾಗದ ಮರಿಗಳ ಫೋಟೋ ವಾಟ್ಸಾಪ್‌ನಲ್ಲಿ ಬರುತ್ತಿತ್ತು, ಅಡ್ವಾನ್ಸ್ ಕಳಿಸಿ ಅನ್ನುವ ಮಾತಿನ ಜೊತೆ.

ಜಾತಿ ನಾಯಿಗಳ ಬಗ್ಗೆಯೂ ವಿಚಾರಿಸಿದೆ. ಕಾರವಾರದ ಹವೆ ದಟ್ಟ ಕೂದಲಿನ ನಾಯಿಗೆ ಸುಖದ್ದಲ್ಲ. ಲ್ಯಾಬ್ರಡಾರ್ ಸಾಕಿದ ಸಹೋದ್ಯೋಗಿಯ ಮನೆಯಲ್ಲಿ ಮಳೆಗಾಲ ಪೂರ್ತಿ ಅದರ ಕಿವಿಗೆ ಔಷಧಿ ಬಿಡುವುದೇ ಕೆಲಸ. ಎರಡು ಪದರದ ಕೂದಲು, ಒದ್ದೆಯಾದರೆ ಬೇಗ ಒಣಗುವುದಿಲ್ಲ, ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಹಸ್ಕಿ ಅಂತೂ ಹಿಮದ ನಾಡಿನದು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದನ್ನು ಇಲ್ಲಿ ಇಡುವುದು ನನ್ನ ಮಟ್ಟಿಗೆ ಹಿಂಸೆ. ಪಗ್, ಶಿಟ್ಜೂ ಥರದ ಚಪ್ಪಟೆ ಮೂಗಿನವು ಸೆಕೆಗೆ ಉಸಿರಾಡಲು ಒದ್ದಾಡುತ್ತವೆ. ಮುಧೋಳ ತನ್ನಿ, ನಮ್ಮದೇ ನಾಡಿನ ನಾಯಿ ಅಂತ ಒಬ್ಬರು ಹೇಳಿದರು. ನನಗೂ ಅದರ ಮೇಲೆ ಅಭಿಮಾನ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತ್ತು. ಆದರೆ ಅದು ಬಾಗಲಕೋಟೆ ಕಡೆಯ ಬಯಲಿನಲ್ಲಿ ಬೇಟೆಯ ಹಿಂದೆ ಓಡಲು ಬೆಳೆಸಿದ ನಾಯಿ. ಅದಕ್ಕೆ ದಿನಾ ಮನಸಾರೆ ಓಡಲು ಜಾಗ ಬೇಕು. ನನ್ನ ಬಳಿ ಇದ್ದದ್ದು ಒಂದು ವರಾಂಡ ಮತ್ತು ಓಣಿ.

ಹೀಗೆ ಒಂದೊಂದೇ ಬಿಟ್ಟುಹೋಗಿ ಉಳಿದದ್ದು ಊರ ನಾಯಿ, ಅದೂ ಬೆಳೆದದ್ದು. ಕೂದಲು ಸಣ್ಣ, ಇಲ್ಲಿನ ಮಳೆ ಬಿಸಿಲು ಗೊತ್ತು. ಬೆಳೆದ ನಾಯಿ ಆರೇಳು ಗಂಟೆ ತಡೆದುಕೊಳ್ಳುತ್ತದೆ. ಹಗಲಿನ ಬಹಳ ಹೊತ್ತು ಮಲಗಿಯೇ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಸ್ವಭಾವ ಏನು ಅಂತ ನೋಡಿ ತರಬಹುದು. ಮರಿಯಲ್ಲಿ ಅದು ಕಾಣುವುದಿಲ್ಲ.

ಆರೇಳು ಗಂಟೆ ಅಂದೆ. ನನ್ನ ಎಂಟೂವರೆಗೆ ಅದೂ ಸಾಲದು. ನಡುವೆ ಒಬ್ಬರು ಬರಲೇಬೇಕು. ಒಬ್ಬರೇ ಇರುವವರು ನಾಯಿ ತರುವ ಮೊದಲು ಒಬ್ಬ ಮನುಷ್ಯರನ್ನು ಹುಡುಕಿಕೊಳ್ಳಬೇಕು. ನನಗೆ ಸಿಕ್ಕಿದ್ದು ಪಕ್ಕದ ಮನೆಯ ಅಕ್ಕ. ಮನೆಯಲ್ಲೇ ಹೊಲಿಗೆ ಮಾಡುತ್ತಾರೆ, ಅವರ ತವರಿನಲ್ಲಿ ನಾಯಿಗಳಿದ್ದವು. ಮಧ್ಯಾಹ್ನ ಒಂದೂವರೆಗೆ ಬೀಗ ತೆಗೆದು ಕಾಲು ಗಂಟೆ ಹೊರಗೆ ಕರೆದುಕೊಂಡು ಹೋಗಲು ಸಾಧ್ಯವಾ ಅಂತ ಕೇಳಿದೆ. ದುಡ್ಡಿನ ಮಾತು ಆಡಿದಾಗ ಅವರಿಗೆ ಬೇಸರವಾಯಿತು. ಆದರೂ ಒಪ್ಪಿಸಿದೆ. ಸುಮ್ನೆ ಮಾಡಿಕೊಡುವ ಉಪಕಾರ ಎಷ್ಟು ದಿನ ಅಂತ ನಡೆಯುತ್ತದೆ? ಸಂಬಳ ಅಂತ ಇದ್ದರೆ ಅವರಿಗೂ ಇವತ್ತು ಆಗುವುದಿಲ್ಲ ಅಂತ ಮೊದಲೇ ಹೇಳುವ ಸಲಿಗೆ ಇರುತ್ತದೆ.

ಊಟದ ವಿಷಯವೂ ನಮ್ಮಂಥವರಿಗೆ ಯೋಚಿಸುವಂಥದ್ದೇ. ನಮ್ಮ ಮನೆಯಲ್ಲಿ ಮೀನು ಮೊಟ್ಟೆ ಮಾಡುವುದಿಲ್ಲ. ಅನ್ನ ಮಜ್ಜಿಗೆಯಲ್ಲೇ ನಾಯಿಗಳು ಬದುಕಿದ್ದನ್ನು ನಾನು ನೋಡಿದ್ದೇನೆ. ಅವು ತೋಟದಲ್ಲಿ ಇಲಿ ಹೆಗ್ಗಣ ಹಿಡಿದು ತಿನ್ನುತ್ತಿದ್ದವು ಅನ್ನುವುದನ್ನೂ ನೋಡಿದ್ದೇನೆ. ಬಾಗಿಲು ಹಾಕಿದ ಮನೆಯ ನಾಯಿಗೆ ಆ ದಾರಿ ಇಲ್ಲ. ಬರೀ ಅನ್ನ ಹಾಕಿದರೆ ಮೈಗೆ ಬೇಕಾದ ಪ್ರೋಟೀನ್ ಸಿಗುವುದಿಲ್ಲ. ಮೊಟ್ಟೆ ಬೇಯಿಸಲು ಬೇರೆ ಪಾತ್ರೆ ಇಟ್ಟುಕೊಂಡೆ, ಜೊತೆಗೆ ಪ್ಯಾಕೆಟ್ಟಿನಲ್ಲಿ ಬರುವ ನಾಯಿ ಆಹಾರದ ಕಾಳು. ಅಕ್ಕ ವಾರಕ್ಕೆರಡು ಸಲ ಬಂಗಡೆ ಬೇಯಿಸಿ, ಮುಳ್ಳು ಬಿಡಿಸಿ, ಉಪ್ಪು ಖಾರ ಇಲ್ಲದೆ ಕೊಡುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಇದನ್ನು ಅಕ್ಕನ ಮನೆಯವರಿಗೆಲ್ಲ ಮೊದಲೇ ಹೇಳಿಟ್ಟೆ. ಪ್ರೀತಿಯಿಂದ ಹಾಕುವ ಪಾಯಸದ ಒಂದು ತುತ್ತಿನಲ್ಲೂ ಒಣದ್ರಾಕ್ಷಿ ಇರುತ್ತದೆ.

ದುಡ್ಡಿನದು ಹೆಚ್ಚು ಹೇಳುವುದಿಲ್ಲ. ತಿಂಗಳ ಊಟಕ್ಕೆ, ಅಕ್ಕನಿಗೆ, ಉಣುಗಿನ ಔಷಧಿಗೆ ಇಷ್ಟು ಅಂತ ತೆಗೆದಿಟ್ಟೆ. ಅದಲ್ಲದೆ ಒಂದು ತಿಂಗಳ ಸಂಬಳವನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಟ್ಟೆ. ಲಸಿಕೆ, ಸಣ್ಣಪುಟ್ಟ ಚಿಕಿತ್ಸೆ ಊರಲ್ಲೇ ಆಗುತ್ತದೆ. ದೊಡ್ಡ ಆಪರೇಷನ್ ಅಂದರೆ ನಮ್ಮಲ್ಲಿ ಜನ ಗೋವಾಕ್ಕೋ ಹುಬ್ಬಳ್ಳಿಗೋ ಓಡುತ್ತಾರೆ. ರಾತ್ರಿ ಹೊತ್ತಿನಲ್ಲಿ ನಾಯಿಯನ್ನು ಹತ್ತಿಸಿಕೊಳ್ಳುವ ಕಾರಿನವರ ನಂಬರು ಕೂಡ ಮೊದಲೇ ಕೇಳಿ ಇಟ್ಟುಕೊಂಡಿದ್ದೆ.

ನಾಯಿ ಸಿಕ್ಕಿದ್ದು ಚಳಿಗಾಲದಲ್ಲಿ. ಕಾರವಾರ ವರ್ಗಾವಣೆಯ ಊರು. ನೌಕಾನೆಲೆ, ಕೈಗಾ, ಬಂದರು, ಸರಕಾರಿ ಕಚೇರಿಗಳು ಅಂತ ಎಲ್ಲೆಲ್ಲಿಂದಲೋ ಬರುತ್ತಾರೆ, ಹೋಗುತ್ತಾರೆ. ಹೋಗುವಾಗ ನಾಯಿ ಉಳಿದುಬಿಡುತ್ತದೆ. ರೈಲಿನಲ್ಲಿ ನಾಯಿಯನ್ನು ಒಯ್ಯಬೇಕೆಂದರೆ ಫಸ್ಟ್ ಎಸಿಯಲ್ಲಿ ಪೂರ್ತಿ ಕೂಪೆ ಸಿಗಬೇಕು, ಇಲ್ಲವೇ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು. ಸ್ಲೀಪರಿನಲ್ಲಿ, ಉಳಿದ ಎಸಿ ಬೋಗಿಗಳಲ್ಲಿ ಬಿಡುವುದಿಲ್ಲ. ಪರಿಚಯದವರ ಮೂಲಕ ಉತ್ತರದ ಕಡೆಯ ಒಂದು ಕುಟುಂಬದ ಸುದ್ದಿ ಬಂತು. ಎರಡು ವರ್ಷದ ಹೆಣ್ಣುನಾಯಿ, ಕಂದು ಬಣ್ಣ, ಹೆಸರು ಮುನ್ನಿ. ಕ್ವಾರ್ಟರ್ಸ್ ಬಾಗಿಲಲ್ಲಿ ಸಿಕ್ಕಿದ ಮರಿಯನ್ನು ಸಾಕಿದ್ದರು. ಹೆಣ್ಣು ಅಂತ ಕೇಳಿದವರೆಲ್ಲ ಹಿಂದೆ ಸರಿದಿದ್ದರಂತೆ.

ಹೆಣ್ಣುಮರಿ ಬೇಡ ಅನ್ನುವ ಮಾತು ನಮ್ಮ ಕಡೆ ಎಷ್ಟು ಸಲೀಸಾಗಿ ಬರುತ್ತದೆ ಅಂದರೆ, ಸಣ್ಣವಳಿದ್ದಾಗ ನಾನೂ ಅದನ್ನು ಸಹಜ ಅಂದುಕೊಂಡಿದ್ದೆ. ಗಂಡನ್ನು ಯಾರಾದರೂ ಒಯ್ಯುತ್ತಾರೆ. ಹೆಣ್ಣನ್ನು ಗೋಣಿಚೀಲದಲ್ಲಿ ಹಾಕಿ ಸಂತೆಯ ಹತ್ತಿರವೋ ಮೀನು ಮಾರುಕಟ್ಟೆಯ ಹತ್ತಿರವೋ ಬಿಟ್ಟು ಬರುತ್ತಾರೆ. ಸಂತಾನಹರಣ ಆಪರೇಷನ್ ಒಂದು ಮಾಡಿಸಿದರೆ ಆ ಗೋಳೇ ಇಲ್ಲ. ಆಮೇಲೆ ಗರ್ಭಕೋಶಕ್ಕೆ ಕೀವು ತುಂಬುವ ರೋಗದ ಭಯವೂ ಇರುವುದಿಲ್ಲ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

ನೋಡಿದ ದಿನವೇ ಕರೆತರಲಿಲ್ಲ. ಅವರು ಊರು ಬಿಡುವ ಮೊದಲು ಭಾನುವಾರಗಳಲ್ಲಿ ಹೋಗಿ ಕೂತೆ, ವಾಕಿಂಗ್ ಕರೆದುಕೊಂಡು ಹೋದೆ, ಊಟ ಹಾಕಿದೆ. ಅವರೂ ಒಂದು ಸಂಜೆ ಅದನ್ನು ನನ್ನ ಮನೆಗೆ ತಂದು ಬಿಟ್ಟು ನೋಡಿದರು. ಒಬ್ಬಳೇ ಇದ್ದು ಅಭ್ಯಾಸ ಇದೆಯಾ, ಮಕ್ಕಳನ್ನು ಕಂಡರೆ ಹೇಗೆ, ಯಾವುದಕ್ಕೆ ಹೆದರುತ್ತಾಳೆ, ಲಸಿಕೆ ಪುಸ್ತಕ ಎಲ್ಲಿದೆ ಅಂತ ಕೇಳಿದೆ. ಮಲಗುವ ಹಳೆಯ ಚಾದರವನ್ನು ತೊಳೆಯದೆ ಕೊಡಿ ಅಂತ ಕೇಳಿ ತಂದೆ. "ಬೈಠೋ" ಅಂದರೆ ಕೂರುತ್ತಿದ್ದಳು. ಈಗಲೂ ಅದನ್ನೇ ಹೇಳುತ್ತೇನೆ.

ಅವಳು ಬಂದ ಮೇಲೆ ಒಂದು ವಾರ ರಜೆ ಹಾಕಿದೆ. ರಜೆ ಅವಳ ಜೊತೆ ಇರಲು ಅಲ್ಲ, ಅವಳನ್ನು ಬಿಟ್ಟು ಹೋಗುವುದನ್ನು ಕಲಿಸಲು. ಮೊದಲು ಬಾಗಿಲು ಹಾಕಿ ಐದು ನಿಮಿಷ ಮೆಟ್ಟಿಲ ಮೇಲೆ ನಿಂತು ಒಳಗೆ ಬಂದೆ. ಆಮೇಲೆ ಕಾಲು ಗಂಟೆ. ಆಮೇಲೆ ಅಂಗಡಿಗೆ ಹೋಗಿ ಬರುವಷ್ಟು. ಹೋಗುವಾಗ ಮುದ್ದು ಮಾಡುವುದಿಲ್ಲ, ಬಂದಾಗ ಗದ್ದಲ ಮಾಡುವುದಿಲ್ಲ. ಹೋಗುವುದು ಬರುವುದು ದೊಡ್ಡ ಸಂಗತಿಯೇ ಅಲ್ಲ ಅಂತ ಅವಳಿಗೆ ಅನ್ನಿಸಬೇಕು. ಆದರೂ ಮೊದಲ ವಾರಗಳಲ್ಲಿ ಬಾಗಿಲು ಕೆರೆದಳು, ಅತ್ತಳು. ಕೆಳಗೆ ಮಾಸ್ತರಿಗೆ ಕೇಳಿಸಿತು. ನಾನು ಸಂಜೆ ಹೋಗಿ ಕೇಳಿದರೆ, "ಹತ್ತು ನಿಮಿಷಕ್ಕೆ ಸುಮ್ಮನಾದಳು ಬಿಡಿ" ಅಂದರು. ಮೊದಲೇ ಕೂತು ಮಾತಾಡಿದ್ದರ ಬೆಲೆ ಅವತ್ತು ಗೊತ್ತಾಯಿತು.

ಜನವರಿಯಲ್ಲಿ ಬೆದೆಗೆ ಬಂದಳು. ಗೇಟಿನ ಮುಂದೆ ಓಣಿಯ ಗಂಡುನಾಯಿಗಳೆಲ್ಲ ಸೇರಿದವು. ಮೂರು ವಾರ ಅವಳನ್ನು ಬೆಲ್ಟು ಇಲ್ಲದೆ ಒಂದು ಹೆಜ್ಜೆ ಬಿಡಲಿಲ್ಲ, ಮಧ್ಯಾಹ್ನ ಅಕ್ಕ ಕೋಲು ಹಿಡಿದೇ ಹೋಗುತ್ತಿದ್ದರು. ಬೆದೆ ಮುಗಿದು ಎರಡು ಮೂರು ತಿಂಗಳು ಬಿಟ್ಟು ಆಪರೇಷನ್ ಮಾಡೋಣ ಅಂದರು ಡಾಕ್ಟರು. ಮಳೆ ಬೀಳುವ ಮೊದಲೇ ಆಗಬೇಕು, ಹೊಲಿಗೆ ಒದ್ದೆಯಾಗಬಾರದು ಅಂತ ನಾನು ಏಪ್ರಿಲ್ ಕೊನೆಗೆ ಗೊತ್ತು ಮಾಡಿಕೊಂಡೆ.

ಕಡಲ ದಂಡೆ ಹತ್ತಿರ ಇದ್ದರೆ ನಾಯಿಗೆ ಸ್ವರ್ಗ ಅಂತಾರೆ. ಹೌದು, ಆದರೆ ಕಣ್ಣು ತೆರೆದಿರಬೇಕು. ಟಾಗೋರ್ ಕಡಲತೀರಕ್ಕೆ ಹೋಗುವಾಗ ಕುಡಿಯುವ ನೀರು ಒಯ್ಯುತ್ತೇನೆ. ಬಾಯಾರಿ ಸಮುದ್ರದ ನೀರು ಕುಡಿದರೆ ವಾಂತಿ ಭೇದಿ. ಬಲೆಯಿಂದ ಎಸೆದ ಮೀನುಗಳ ನಡುವೆ ಚೆಂಡಿನಂತೆ ಉಬ್ಬುವ ಮೀನು ಇರುತ್ತದೆ, ಅದು ವಿಷ. ಗಾಳದ ಕೊಕ್ಕೆ, ಲೋಳೆ ಮೀನು ಬೇರೆ. ಬೇಸಿಗೆಯಲ್ಲಿ ಮರಳಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡುತ್ತೇನೆ. ನನಗೆ ಸುಟ್ಟರೆ ಅವಳ ಪಾದವೂ ಸುಡುತ್ತದೆ.

ಮಳೆಗಾಲದ ಭಯ ಇಲಿ ಜ್ವರದ್ದು. ಇಲಿಯ ಉಚ್ಚೆ ಸೇರಿದ ನೀರಿನಿಂದ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ನಾಯಿಗೆ ವರ್ಷ ವರ್ಷ ಕೊಡಿಸುವ ಲಸಿಕೆಯಲ್ಲಿ ಅದಕ್ಕೂ ರಕ್ಷಣೆ ಇರುವುದನ್ನೇ ಕೇಳಿ ಹಾಕಿಸಿದೆ. ರೇಬಿಸ್ ಲಸಿಕೆ ಅಂತೂ ತಪ್ಪಿಸುವ ಮಾತೇ ಇಲ್ಲ. ಆ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದು ಇಲ್ಲ. ಸೆಪ್ಟೆಂಬರ್ 28 ರೇಬಿಸ್ ದಿನ, ಅದರ ಆಸುಪಾಸಿನಲ್ಲಿ ಸರಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರ ನಡೆಯುತ್ತದೆ. ಊರಿನ ಮನೆಯ ನಾಯಿಗಳಿಗೂ ಈಗ ಹಾಕಿಸಿದ್ದೇವೆ.

ಊರಿಗೆ ಹೋಗುವಾಗ ಅವಳೂ ಬರುತ್ತಾಳೆ, ಬಾಡಿಗೆ ಕಾರಿನಲ್ಲಿ, ದೇವಿಮನೆ ಘಟ್ಟ ಹತ್ತಿ. ಅಲ್ಲಿ ಬೇರೆ ಚಿಂತೆ. ರಾತ್ರಿ ಜಗಲಿಯಲ್ಲಿ ಮಲಗಿದ ನಾಯಿಯನ್ನು ಚಿರತೆ ಒಯ್ಯುವುದು ನಮ್ಮ ಕಡೆ ಹೊಸದಲ್ಲ. ಮುನ್ನಿ ಒಳಗೆ ಮಲಗುತ್ತಾಳೆ, ಅಮ್ಮ ಒಪ್ಪಿಕೊಂಡಿದ್ದಾಳೆ. ಕಾಡಿನೊಳಗೆ ಬಿಡುವುದಿಲ್ಲ. ಉಣುಗಿನಿಂದ ನಾಯಿಗೆ ಬರುವ ಜ್ವರ ಒಂದು, ಕಾಡಿನ ಉಣುಗಿನಿಂದ ಮನುಷ್ಯರಿಗೆ ಬರುವ ಮಂಗನ ಕಾಯಿಲೆ ಇನ್ನೊಂದು. ಸಿದ್ದಾಪುರ ಕಡೆ ಅದರಿಂದ ಜನ ಸತ್ತಿದ್ದಾರೆ. ಸಂಜೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಹುಡುಕಿಯೇ ಒಳಗೆ ಕರೆಯುವುದು.

ಈ ಜುಲೈ ಅವಳ ಜೊತೆಗಿನ ಮೊದಲ ಜುಲೈ. ಆಫೀಸಿನಲ್ಲಿ ತಡವಾಗುವ ದಿನ ಅಕ್ಕನ ಮಗ ಸಂಜೆಯೂ ಒಂದು ಸುತ್ತು ಹೋಗಿ ಬಂದ. ಅದನ್ನು ಮೇ ತಿಂಗಳಲ್ಲೇ ಮಾತಾಡಿಕೊಂಡಿದ್ದೆವು. ಈಗ ಚೌತಿ ಬರುತ್ತಿದೆ. ನಮ್ಮ ಕರಾವಳಿಯಲ್ಲಿ ಪಟಾಕಿಯ ಸದ್ದು ದೀಪಾವಳಿಗಿಂತ ಚೌತಿಗೇ ಜೋರು. ಒಳಗಿನ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ, ಫ್ಯಾನು ರೇಡಿಯೋ ಹಚ್ಚಿ ಅಲ್ಲೇ ಊಟ ಹಾಕಿ ಅಭ್ಯಾಸ ಮಾಡಿಸುತ್ತಿದ್ದೇನೆ. ಕೊರಳಪಟ್ಟಿಗೆ ಫೋನ್ ನಂಬರಿನ ಬಿಲ್ಲೆ ಕಟ್ಟಿದ್ದೇನೆ. ಹೆದರಿ ಓಡಿಹೋಗುವ ನಾಯಿಗಳು ಆ ದಿನಗಳಲ್ಲೇ ಹೆಚ್ಚು.

ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಮುನ್ನಿಯನ್ನು ನೋಡಿ ತಾನೂ ಒಂದು ಮರಿ ತರುತ್ತೇನೆ ಅಂದ. ಇಬ್ಬರು ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದಾನೆ. ಪರೀಕ್ಷೆಗೆ ಓದುತ್ತಿದ್ದಾನೆ, ಮುಂದಿನ ವರ್ಷ ಎಲ್ಲಿರುತ್ತಾನೋ ಗೊತ್ತಿಲ್ಲ. ನಾಯಿಯ ಆಯಸ್ಸು ಹತ್ತು ಹನ್ನೆರಡು ವರ್ಷ. ಬೇಡ ಅಂತ ನಾನು ಹೇಳಲಿಲ್ಲ, ನೋಟ್‌ಬುಕ್ಕು ಕೊಟ್ಟೆ. ಅವನು ತನ್ನ ವಾರವನ್ನು ಅದರ ಹಿಂದಿನ ಪುಟಗಳಲ್ಲಿ ಬರೆದು, ಪರೀಕ್ಷೆ ಮುಗಿಯುವವರೆಗೆ ಬೇಡ ಅಂತ ತಾನೇ ತೀರ್ಮಾನ ಮಾಡಿದ. ಈಗ ಭಾನುವಾರ ಸಂಜೆ ಮುನ್ನಿಯನ್ನು ವಾಕಿಂಗ್ ಕರೆದುಕೊಂಡು ಹೋಗುವುದು ಅವನೇ.